ದಿನಕ್ಕೆ 500 ಹಾಳೆ, ಹತ್ತು ನಮೂನೆ ಕಾಗದ: ಯಾವ ಸ್ಕ್ಯಾನರ್ ತಗೊಳ್ಳಲಿ?

ನವನಗರದ ಗುಮಾಸ್ತ:
ನಮಸ್ಕಾರ. ಬಾಗಲಕೋಟೆ ನವನಗರದಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೇನೆ. ಆಲಮಟ್ಟಿ ಹಿನ್ನೀರಿಗೆ ಹೊಲ ಕಳಕೊಂಡವರ ಪರಿಹಾರದ ಕೇಸುಗಳೇ ನಮ್ಮಲ್ಲಿ ಜಾಸ್ತಿ. ಒಂದೊಂದು ಫೈಲಿನಲ್ಲಿ ನೂರಿನ್ನೂರು ಹಾಳೆ. ಉತಾರ, ಅವಾರ್ಡ್ ಕಾಪಿ, ವಕಾಲತ್ತು, ಹಳೇ ಖರೀದಿ ಪತ್ರ. ಎ4 ಇದೆ, ಲೀಗಲ್ ಇದೆ, ನಡುವೆ ಅಂಗೈಯಗಲದ ಕಂದಾಯ ರಸೀದಿ.

ಈಗಿರುವುದು ಪ್ರಿಂಟರ್ ಜೊತೆ ಬಂದ ಸ್ಕ್ಯಾನರ್. ಗಾಜು ಎ4 ಅಷ್ಟೇ. ಲೀಗಲ್ ಹಾಳೆ ಇಟ್ಟರೆ ಕೆಳಗಿನ ಎರಡು ಇಂಚು ಹೊರಗೆ ಉಳಿಯುತ್ತದೆ, ಸಹಿ ಇರುವುದೇ ಅಲ್ಲಿ! ಹೋದ ತಿಂಗಳು ಧಾರವಾಡ ಪೀಠಕ್ಕೆ ಅಪೀಲು ಹಾಕುವಾಗ ಹಾಳೆ ತಾನೇ ಎಳಕೊಳ್ಳುವ ಮೇಲಿನ ಫೀಡರ್‌ಗೆ ಹಾಕಿದೆ. ಎರಡು ಹಾಳೆ ಅಂಟಿಕೊಂಡು ಹೋಗಿದ್ದು ಗೊತ್ತೇ ಆಗಲಿಲ್ಲ. ಪುಟ 36 ಆದಮೇಲೆ 38. ಸಾಹೇಬರು ಬೈಯಲಿಲ್ಲ, ಸುಮ್ನೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಅಂಗಡಿಯವರು ನಿಮಿಷಕ್ಕೆ 40, ನಿಮಿಷಕ್ಕೆ 70 ಅಂತಾರೆ. ನಮಗೆ ದಿನಕ್ಕೆ 500 ಹಾಳೆ, ಮೇಲೆ ಎರಡು ಕಪಾಟು ಹಳೇ ಫೈಲು. ಯಾವುದು ಸಾಕು?

ಕುಂದಾನಗರಿ ಝೆರಾಕ್ಸ್:
ಬೆಳಗಾವಿ ಕೋರ್ಟ್ ಹತ್ತಿರ ಅಂಗಡಿ ನಂದು. ನಿಮಿಷದ ಲೆಕ್ಕ ಬಿಡ್ರಿ. 40ರ ಮಷಿನ್‌ನಲ್ಲೂ 500 ಹಾಳೆ ಕಾಲು ತಾಸಿನೊಳಗೆ ಮುಗಿಯುತ್ತದೆ. ಹೊತ್ತು ಹೋಗುವುದು ಪಿನ್ನು ಕೀಳುವುದರಲ್ಲಿ, ಟ್ಯಾಗ್ ಬಿಚ್ಚುವುದರಲ್ಲಿ.

ನಿಮಗೆ ಬೇಕಾಗಿದ್ದು ಅಲ್ಟ್ರಾಸಾನಿಕ್ ಡಬಲ್ ಫೀಡ್ ಸೆನ್ಸರ್. ಶಬ್ದದ ಅಲೆ ಹಾಳೆ ದಾಟಿ ಬರುತ್ತದೆ. ಎರಡು ಹಾಳೆ ಇದ್ದರೆ ನಡುವಿನ ಗಾಳಿಯಿಂದಾಗಿ ಅಲೆ ತೀರಾ ಸೋಲುತ್ತದೆ, ಮಷಿನ್ ನಿಲ್ಲುತ್ತದೆ. ಕಿರಿಕಿರಿ ಏನಂದರೆ, ಹಚ್ಚಿದ ಸ್ಟಾಂಪು, ಅಂಟಿಸಿದ ಫೋಟೋ ಬಂದರೂ ಎರಡು ಹಾಳೆ ಅಂತ ತಿಳಿದು ನಿಲ್ಲುತ್ತದೆ. ವಕಾಲತ್ತಿಗೆ ಸ್ಟಾಂಪು ಇದ್ದೇ ಇರುತ್ತದೆ ಅಲ್ವಾ? ಅಂಥದ್ದನ್ನು ಬಿಟ್ಟು ಮುಂದೆ ಹೋಗುವ ಸೆಟ್ಟಿಂಗ್ ಇದೆಯಾ ಕೇಳಿ ತಗೊಳ್ಳಿ.

ಇನ್ನು ಗಾಜು. ಫೀಡರ್‌ನಲ್ಲಿ ಹಾಳೆ ಓಡುತ್ತದೆ, ಗಾಜು ಇದ್ದಲ್ಲೇ ಇರುತ್ತದೆ. ಸಾಸಿವೆಗಿಂತ ಸಣ್ಣ ವೈಟ್‌ನರ್ ಚೂರು ಅಂಟಿದರೂ ಮೇಲಿಂದ ಕೆಳಗೆ ಒಂದೇ ಗೆರೆ. ನನ್ನಲ್ಲಿ ಒಮ್ಮೆ ಆ ಗೆರೆ ಉತಾರದ ಸರ್ವೆ ನಂಬರಿನ ಪಕ್ಕಕ್ಕೇ ಬಿತ್ತು. 21 ಇದ್ದದ್ದು 211! ‘ಇದು ನನ್ನ ಹೊಲಾನೇ ಅಲ್ರೀ’ ಅಂತ ಗಿರಾಕಿ ಜಗಳಕ್ಕೆ ನಿಂತ. ಆವತ್ತಿನಿಂದ ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುವ ಮೊದಲು ಗಾಜು ಒರೆಸುತ್ತೇನೆ.

ಗುಮ್ಮಟದ ನೆರಳು:
ವಿಜಯಪುರದಿಂದ, ಆಡಿಟರ್ ಆಫೀಸು. ಮೇಲಿನವರು ಹೇಳಿದ್ದು ಸರಿ. ಸ್ಕ್ಯಾನ್‌ಸ್ನ್ಯಾಪ್ ಐಎಕ್ಸ್1600 ನೋಡಿದ್ದರೆ ಒಂದು ಮಾತು: ಅದಕ್ಕೆ ಟ್ವೇನ್ ಡ್ರೈವರ್, ಅಂದರೆ ಬೇರೆ ಸಾಫ್ಟ್‌ವೇರ್ ಒಳಗಿಂದ ಸ್ಕ್ಯಾನರ್ ನಡೆಸುವ ಕೊಂಡಿ, ಇಲ್ಲ, ಅದರದೇ ಸಾಫ್ಟ್‌ವೇರ್‌ನಲ್ಲಿ ಸ್ಕ್ಯಾನ್ ಮಾಡಬೇಕು. ಕೇಸಿನ ಸಾಫ್ಟ್‌ವೇರ್ ಒಳಗಿಂದಲೇ ಸ್ಕ್ಯಾನ್ ಒತ್ತುವ ರೂಢಿ ಇದ್ದರೆ ಕಷ್ಟ. ಅದೇ ಕಂಪನಿಯ ಎಫ್‌ಐ ಮಾಡೆಲ್‌ಗಳಲ್ಲಿ ಟ್ವೇನ್ ಇದೆ. ಮೊದಲು ಫುಜಿತ್ಸು ಅಂತಿದ್ದದ್ದೇ 2023ರಿಂದ ರಿಕೋ ಹೆಸರಲ್ಲಿ ಬರುತ್ತಿದೆ, ಗೊಂದಲ ಬೇಡ.

ಹಾಳೆ ಎಳೆಯುವ ರೋಲರ್ ಅಂದರೆ ಗಾಡಿಯ ಟೈರ್ ಇದ್ದಂತೆ, ಸವೆಯುತ್ತದೆ. ಮಷಿನ್ ಬೆಲೆ ಕೇಳುವಾಗಲೇ ರೋಲರ್ ಬೆಲೆ, ಎಷ್ಟು ಹಾಳೆಗೆ ಬದಲಿಸಬೇಕು, ಎರಡೂ ಕೇಳಿ. ಮತ್ತೆ, ಫೈಲ್ ಸಣ್ಣದಾಗಲಿ ಅಂತ ಬರೀ ಕಪ್ಪು-ಬಿಳುಪಿನಲ್ಲಿ ಮಾಡಬೇಡಿ. ತಲಾಠಿಯ ಮಾಸಿದ ನೇರಳೆ ಸಿಕ್ಕಾ ಮಾಯವಾಗುತ್ತದೆ. ಕಲರ್, 300 ಡಿಪಿಐ ಇಡಿ. ಸ್ಕ್ಯಾನ್ ಮಾಡಿದ ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ಅನ್ನೋ ಸಾಫ್ಟ್‌ವೇರ್ ಅಚ್ಚಿನ ಕನ್ನಡ ಓದುತ್ತದೆ, ಹೆಸರು ಹುಡುಕಲು ಅನುಕೂಲ. ತಲಾಠಿ ಕೈಬರಹ ಮಾತ್ರ ಅದರ ಕೈಲಿ ಆಗಲ್ಲ. ನಮ್ಮ ಕೈಲೂ ಆಗಲ್ಲ ಬಿಡಿ.

ನವನಗರದ ಗುಮಾಸ್ತ:
ಇಬ್ಬರಿಗೂ ಶರಣು. ನಮ್ಮ ಅತಿ ಕೆಟ್ಟ ಫೈಲು ಹಿಡಕೊಂಡು ಹುಬ್ಬಳ್ಳಿಗೆ ಡೆಮೊಗೆ ಹೋಗಿದ್ದೆ. ಅಂಗಡಿಯ ಹುಡುಗ ಹೊಸ ಎ4 ಕಟ್ಟು ಹಾಕಿ ತೋರಿಸಲು ಬಂದ. ಅದು ಬೇಡಪ್ಪಾ, ಇದನ್ನು ಹಾಕು ಅಂದೆ. 70ರದ್ದು, 40ರದ್ದು ಎರಡೂ ವಕಾಲತ್ತಿನ ಸ್ಟಾಂಪಿಗೇ ನಿಂತವು. ಸೆಟ್ಟಿಂಗ್ ಬದಲಿಸಿದ ಮೇಲೆ ಎರಡೂ ದಾಟಿದವು. ಮಡಿಕೆಯಲ್ಲಿ ಹರಿದ ಖರೀದಿ ಪತ್ರ ಹಾಕಲು ನನಗೆ ಧೈರ್ಯ ಬರಲಿಲ್ಲ. ಕ್ಯಾರಿಯರ್ ಶೀಟ್ ಅಂತ ಪಾರದರ್ಶಕ ಹಾಳೆಯೊಳಗೆ ಇಟ್ಟು ಹಾಕಿದ, ಚೊಕ್ಕ ಬಂತು.

ಸೆನ್ಸರ್, ಟ್ವೇನ್ ಎರಡೂ ಇರುವ 40ರದ್ದಕ್ಕೇ ಸಾಹೇಬರು ಒಪ್ಪಿದರು. ಹೊಲಿದ ರಿಜಿಸ್ಟರಿಗೆ ಹಳೇ ಗಾಜು ಇರಲಿ. ಮಷಿನ್ ಸೋಮವಾರ ಬರುತ್ತದೆ. ನಾನು ಈಗಲೇ ಪಿನ್ನು ಕೀಳುತ್ತಾ ಕೂತಿದ್ದೇನೆ. ಮೊದಲ ಕಪಾಟಿನ ಒಂದು ಅರೆ ಮುಗಿಯುವಷ್ಟರಲ್ಲಿ ಬಿಸ್ಕತ್ತಿನ ಡಬ್ಬಿ ತುಂಬಿದೆ.