ಮಾತ್ರೆ ನುಂಗಿದಷ್ಟೂ ತಲೆನೋವು ಜಾಸ್ತಿ ಆಗ್ತಿದೆ, ಏನು ಮಾಡಲಿ?

ಪ್ರಶ್ನೆ (ದಾವಣಗೆರೆಯಿಂದ):
ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 34 ವರ್ಷ. ವಿನೋಬನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹೈಸ್ಕೂಲಿನಿಂದ ಅರೆತಲೆನೋವು. ಆಗ ತಿಂಗಳಿಗೆ ಒಂದೋ ಎರಡೋ ಸಲ ಬರುತ್ತಿತ್ತು. ವಾಂತಿ ಆಗಿ ಮಲಗಿದರೆ ಹೋಗುತ್ತಿತ್ತು. ಮನೆಯಲ್ಲಿ ಪಿತ್ತ ಅಂತಿದ್ದರು. ಈಗ ಎರಡು ವರ್ಷದಿಂದ ತಿಂಗಳಲ್ಲಿ 20 ದಿನ ನೋವು. ಕೆಲವು ಸಲ ಮೊದಲು ಕಣ್ಣ ಮುಂದೆ ಬೆಳಕು ಅಂಕುಡೊಂಕಾಗಿ ಮಿಂಚುತ್ತದೆ. ಸೂಜಿಯ ಕಣ್ಣೇ ಕಾಣಲ್ಲ, ದಾರ ಪೋಣಿಸಲು ಮಗನನ್ನು ಕರೆಯಬೇಕು. ದುಗ್ಗಮ್ಮನ ಜಾತ್ರೆ ಹೊತ್ತಿಗೆ ಬ್ಲೌಸ್ ರಾಶಿ ಬಿದ್ದಿತ್ತು ಅಂತ ಮೆಡಿಕಲ್ ಶಾಪಿನ ಮಾತ್ರೆ ಶುರು ಮಾಡಿದೆ. ಈಗ ಬೆಳಗ್ಗೆ ಮಾತ್ರೆ ನುಂಗದೆ ಮಿಷನ್ ಮುಂದೆ ಕೂರೋಕೆ ಆಗಲ್ಲ. ಕನ್ನಡಕ ಬದಲಿಸಿದೆ. ಎಂಆರ್‌ಐ ಮಾಡಿಸಿದೆ, ನಾರ್ಮಲ್ ಅಂದರು. ಎಲ್ಲ ನಾರ್ಮಲ್ ಆದರೆ ನೋವು ಯಾಕೆ?

ಉತ್ತರ (ನರರೋಗ ವೈದ್ಯೆ):
ನೋಡಿ ಅಮ್ಮಾ, ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆ ಅಲ್ಲ. ರಿಪೋರ್ಟ್ ನಾರ್ಮಲ್ ಅಂದರೆ ಗಡ್ಡೆ ಅಂಥದ್ದೇನೂ ಇಲ್ಲ ಅಂತ ಅರ್ಥ, ನೋವು ಸುಳ್ಳು ಅಂತಲ್ಲ. ಮಿಂಚುವ ಬೆಳಕೂ ಮೈಗ್ರೇನಿನದೇ, ಅದಕ್ಕೆ ಔರಾ ಅನ್ನುತ್ತೇವೆ. ಕನ್ನಡಕ ಬದಲಿಸಿದರೆ ಅದು ಹೋಗಲ್ಲ.

ನನಗೆ ಚಿಂತೆ ಆಗಿದ್ದು ಆ ಬೆಳಗಿನ ಮಾತ್ರೆ. ಪ್ಯಾರಾಸಿಟಮಾಲ್‌ನಂಥ ಒಂದೇ ಔಷಧದ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳಿಗೂ ಮೀರಿ ನುಂಗುತ್ತಾ ಬಂದರೆ, ಮಾತ್ರೆಯೇ ತಲೆನೋವನ್ನು ಹಿಡಿದಿಡುತ್ತದೆ. ಕೆಫೀನ್ ಗೀಫೀನ್ ಸೇರಿಸಿದ ಮಾತ್ರೆಯಾದರೆ 10 ದಿನವೇ ಸಾಕು. ರಾತ್ರಿ ಅದರ ಪ್ರಭಾವ ಇಳಿಯುತ್ತದೆ, ಬೆಳಗ್ಗೆ ಏಳುವಾಗಲೇ ತಲೆ ಹಿಡಿದಿರುತ್ತದೆ. ಮತ್ತೆ ಮಾತ್ರೆ. ಇದರಲ್ಲಿ ನಿಮ್ಮ ತಪ್ಪು ಹುಡುಕಬೇಡಿ. ಕೆಲಸ ಬಿಡೋಕಾಗಲ್ಲ ಅಂತ ನುಂಗಿದ್ದೀರಿ, ಯಾರೂ ಎಚ್ಚರಿಸಲಿಲ್ಲ.

ಆ ಮಾತ್ರೆ ನಿಲ್ಲಿಸಲೇಬೇಕು. ನಿಲ್ಲಿಸಿದ ಮೊದಲ ವಾರ, ಹತ್ತು ದಿನ ನೋವು ಇನ್ನೂ ಜಾಸ್ತಿ ಆಗಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟೋ ಜನ ಮೂರನೇ ದಿನಕ್ಕೇ ಸೋತು ಮತ್ತೆ ಮಾತ್ರೆಯ ಪಟ್ಟಿ ಬಿಚ್ಚುತ್ತಾರೆ. ದೊಡ್ಡ ಆರ್ಡರ್ ಇಲ್ಲದ ವಾರ ನೋಡಿ ಶುರು ಮಾಡಿ. ಅದಕ್ಕೂ ಮುಂಚೆ ಡಾಕ್ಟರಿಗೆ ಮಾತ್ರೆ ತೋರಿಸಿ. ಅದರಲ್ಲಿ ಕೊಡೀನ್ (ಅಫೀಮಿನ ಜಾತಿಯ ನೋವಿನ ಔಷಧ) ಅಥವಾ ನಿದ್ದೆಯ ಔಷಧ ಸೇರಿದ್ದರೆ ಸಟ್ಟನೆ ಬಿಡುವಂತಿಲ್ಲ.

ಜೊತೆಗೆ, ನೋವು ಬಾರದಂತೆ ತಡೆಯುವ ಔಷಧ ಬೇಕು. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೋಪಿರಮೇಟ್, ಇವು ಬಳಕೆಯಲ್ಲಿವೆ. ನಿಮಗೆ ಯಾವುದು ಅಂತ ಪರೀಕ್ಷೆ ಮಾಡದೆ ಇಲ್ಲಿ ಹೇಳೋದು ಸರಿಯಲ್ಲ. ಉಬ್ಬಸ ಇದ್ದವರಿಗೆ ಪ್ರೊಪ್ರನೊಲಾಲ್ ಆಗಲ್ಲ. ಫ್ಲುನಾರಿಜಿನ್ ಕೆಲವರಿಗೆ ತೂಕ ಏರಿಸುತ್ತದೆ, ಮನಸ್ಸು ಮಂಕು ಮಾಡುತ್ತದೆ. ಯಾವುದೇ ಆಗಲಿ, ದಿನಾ ತಗೊಂಡು ಎರಡು ಮೂರು ತಿಂಗಳು ಕಾಯಬೇಕು. ವಾರಕ್ಕೇ ಕೆಲಸ ಮಾಡಲಿಲ್ಲ ಅಂತ ಬಿಟ್ಟರೆ ಔಷಧಕ್ಕೆ ಅವಕಾಶವನ್ನೇ ಕೊಟ್ಟಂತಾಗಲ್ಲ.

ಇನ್ನೊಂದು ಮಾತು. ಮಿರ್ಚಿ ಮಂಡಕ್ಕಿ ಬಿಡಿ ಅಂತ ನಾನು ಹೇಳಲ್ಲ. ನಾನು ನೋಡಿದ ಮಟ್ಟಿಗೆ, ತಿಂದದ್ದಕ್ಕಿಂತ ಹೊತ್ತಿಗೆ ತಿನ್ನದೆ ಇದ್ದದ್ದೇ ತಲೆನೋವು ತರೋದು ಜಾಸ್ತಿ. ನೀವು ಮಧ್ಯಾಹ್ನದ ಊಟ ಎಷ್ಟು ಹೊತ್ತಿಗೆ ಮಾಡುತ್ತೀರಿ?

ಅದೇ ಸದಸ್ಯೆ:
ಮೂರೂವರೆ, ನಾಲ್ಕು ಆಗುತ್ತೆ ಮೇಡಂ. ಬೆಳಗ್ಗೆ ಬರೀ ಚಹಾ. ಇನ್ನೊಂದು ಮಗು ಬೇಕು ಅಂತ ಇದೆ, ಔಷಧದಿಂದ ತೊಂದರೆ ಆಗುತ್ತಾ? ತಲೆಗೆ ಇಂಜೆಕ್ಷನ್ ಕೊಡ್ತಾರಂತಲ್ಲ, ಅದು ಒಳ್ಳೇದಾ?

ಉತ್ತರ:
ಮಗುವಿನ ವಿಷಯ ಕೇಳಿದ್ದು ಬಹಳ ಒಳ್ಳೇದಾಯ್ತು. ಟೋಪಿರಮೇಟ್, ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡಬಲ್ಲವು. ಡಾಕ್ಟರ್ ಚೀಟಿ ಬರೆಯುವ ಮೊದಲೇ ಹೇಳಿಬಿಡಿ. ಇದನ್ನು ಓದುತ್ತಿರುವ ಬೇರೆ ಹೆಣ್ಣುಮಕ್ಕಳಿಗೂ ಒಂದು ಮಾತು: ಬೆಳಕು ಮಿಂಚುವ ಮೈಗ್ರೇನ್ ಇದ್ದು, ಮಕ್ಕಳಾಗದಿರಲು ಈಸ್ಟ್ರೊಜೆನ್ ಇರುವ ಮಾತ್ರೆ ನುಂಗುತ್ತಿದ್ದರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಡಾಕ್ಟರನ್ನು ಕೇಳಿ ಬೇರೆ ವಿಧಾನಕ್ಕೆ ಬದಲಿಸಿಕೊಳ್ಳಿ.

ಇಂಜೆಕ್ಷನ್ ಅಂದರೆ ಬೊಟಾಕ್ಸ್. ಹಣೆ, ತಲೆ, ಕತ್ತು, ಹೆಗಲು ಸೇರಿ 31 ಕಡೆ ಚುಚ್ಚುತ್ತಾರೆ, 12 ವಾರಕ್ಕೊಮ್ಮೆ. ದುಬಾರಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡಲ್ಲ. ಎರಡು ಮೂರು ಔಷಧ ಸೋತ ಮೇಲಿನ ಮಾತು ಅದು. ಸದ್ಯ ಎಂಟೂವರೆಗೆ ತಿಂಡಿ, ಒಂದೂವರೆಗೆ ಊಟ ಮಾಡಿ.

ಇನ್ನೊಬ್ಬರು (ಚಿತ್ರದುರ್ಗದಿಂದ):
ಮೇಡಂ, ನಮ್ಮ ತಾಯಿಗೆ 62. ಯಾವತ್ತೂ ತಲೆನೋವು ಇರಲಿಲ್ಲ. ಒಂದು ತಿಂಗಳಿಂದ ಕಣತಲೆ ನೋವು, ಬಾಚಣಿಗೆ ತಾಗಿದರೂ ಉರಿ. ರೊಟ್ಟಿ ಅಗಿಯುವಾಗ ದವಡೆ ಸೋಲುತ್ತೆ ಅಂತಾರೆ. ಇದೂ ಮೈಗ್ರೇನಾ?

ಉತ್ತರ:
ಇದನ್ನು ಮೈಗ್ರೇನ್ ಅಂತ ಬಿಡಬೇಡಿ. ನಾಳೆಯೇ ಕರೆದುಕೊಂಡು ಹೋಗಿ, ಕಣ್ಣು ಮಂಜಾದರೆ ಈಗಲೇ. 50 ದಾಟಿದ ಮೇಲೆ ಹೊಸದಾಗಿ ಬಂದ ತಲೆನೋವು, ಜೊತೆಗೆ ದವಡೆ ಸೋಲೋದು ಅಂದರೆ ಕಣತಲೆಯ ರಕ್ತನಾಳ ಊದಿಕೊಂಡಿರಬಹುದು. ಬಿಟ್ಟರೆ ದೃಷ್ಟಿಯೇ ಹೋಗಬಹುದು. ಇಎಸ್‌ಆರ್ ರಕ್ತಪರೀಕ್ಷೆ ಮೊದಲು ಮಾಡುತ್ತಾರೆ. ಅನುಮಾನ ಗಟ್ಟಿಯಿದ್ದರೆ ಚಿಕಿತ್ಸೆ ತಡಮಾಡಲ್ಲ.

ದಾವಣಗೆರೆಯ ಸದಸ್ಯೆ:
ಬಾಬಿನ್ ಡಬ್ಬಿಯಲ್ಲಿ ಖಾಲಿ ಪಟ್ಟಿ ಎಣಿಸಿದೆ ಮೇಡಂ. ಹತ್ತರ ಪಟ್ಟಿ ಏಳು. ಯುಗಾದಿ ಆದಮೇಲಿನವು ಅಷ್ಟೇ. ನನಗೇ ಭಯ ಆಯ್ತು.

ಉತ್ತರ:
ಬಿಸಾಡಬೇಡಿ. ಏಳನ್ನೂ ಒಂದು ಕವರಿಗೆ ಹಾಕಿ ಡಾಕ್ಟರ ಹತ್ತಿರ ಒಯ್ಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಚುಕ್ಕೆ, ಮಾತ್ರೆ ನುಂಗಿದ ದಿನಕ್ಕೆ ಗೀಟು, ಮುಟ್ಟಿನ ದಿನಕ್ಕೆ ಸುತ್ತು ಹಾಕುತ್ತಾ ಬನ್ನಿ. ಸೀಮೆಸುಣ್ಣ ಬೇಡ, ಪೆನ್ನಿನಲ್ಲೇ ಹಾಕಿ. ತಿಂಗಳಾದ ಮೇಲೆ ಗೀಟು ಎಷ್ಟಾಯ್ತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.