ಬೆಸ್ಟ್ ಫಿಟ್ ಹೊಡೆದರೆ ಎಲ್ಲಾ ಹಸಿರು!

ಗುಂಪು: ಮೆಕ್ಯಾನಿಕಲ್ ಹಳೇ ಗ್ಯಾಂಗ್

ಹರೀಶ: [ಫೋಟೋ: ಎರಡು ಸಿಎಂಎಂ (ಪ್ರೋಬ್‌ನಿಂದ ಪೀಸ್ ಮುಟ್ಟಿ ಅಳೆಯೋ ಮಷಿನ್) ರಿಪೋರ್ಟ್]
ಎಡಗಡೆದು ಬೆಳಗ್ಗೆ ತೆಗೆದಿದ್ದು, ನಾಲ್ಕೂ ಹೋಲ್ ಕೆಂಪು, ಅಂದ್ರೆ ಫೇಲ್. ಬಲಗಡೆದು ಬೆಸ್ಟ್ ಫಿಟ್ ಹೊಡೆದ ಮೇಲೆ. ಪೊಸಿಷನ್ (ಹೋಲ್ ಜಾಗದ ದೋಷ) 0.15 ಎಂಎಂ ಒಳಗೆ ಕೇಳಿದ್ದಾರೆ, ಬಂದಿದ್ದು 0.05. ಅದೇ ಪೀಸ್, ಅದೇ ಮಷಿನ್. ನೋಡಿ ಕಲೀರಿ 😎

ರಾಘು: ಪೀಸ್ ಮುಟ್ಟದೇ ರಿವರ್ಕ್! ಮಗಾ ಸೂಪರ್ 😂

ಲತಾ: ಹರೀಶ, ಡ್ರಾಯಿಂಗಲ್ಲಿ ಆ 0.15 ಪಕ್ಕ ಎ, ಬಿ, ಸಿ ಡೇಟಮ್ (ಅಳತೆಗೆ ಆಧಾರವಾಗೋ ಮುಖ) ಇದೆ ತಾನೆ?

ಹರೀಶ: ಇದೆ. ಎ ಕೆಳಗಿನ ಮುಖ, ಬಿ ಉದ್ದದ ಅಂಚು, ಸಿ ಗಿಡ್ಡ ಅಂಚು. 320 ಉದ್ದದ ಪಟ್ಟಿ, ಒಂದೇ ಸಾಲಲ್ಲಿ ನಾಲ್ಕು ಹೋಲ್.

ಲತಾ: ಹಂಗಿದ್ರೆ ಬಲಗಡೆದು ರಿಪೋರ್ಟೇ ಅಲ್ಲ. ಬೆಸ್ಟ್ ಫಿಟ್‌ನಲ್ಲಿ ಸಾಫ್ಟ್‌ವೇರ್ ಹೋಲ್‌ಗಳನ್ನೇ ಹಿಡ್ಕೊಂಡು, ದೋಷ ಕಮ್ಮಿ ಕಾಣೋ ಹಾಗೆ ಇಡೀ ಅಕ್ಷ ಸರಿಸಿಬಿಡುತ್ತೆ. ಎ, ಬಿ, ಸಿ ಯಾವುದನ್ನೂ ಕೇಳಲ್ಲ. ಕುಣಿಯಲಾರದವಳು ಅಂಗಳ ಡೊಂಕು ಅಂದ್ಲಂತೆ, ನೀನು ಅಂಗಳಾನೇ ತಿರುಗಿಸಿ ಕೂತಿದ್ದೀಯ.

ಹರೀಶ: ಅಂಗಳ ಬಿಡೇ. ಆ ಮೆನು ಕೊಟ್ಟಿರೋದು ಯಾಕೆ ಮತ್ತೆ, ಅಲಂಕಾರಕ್ಕಾ?

ಶಿವು: ಅವನ ಮಾತಲ್ಲಿ ಅರ್ಧ ನ್ಯಾಯ ಇದೆ ಲತಾ. ಕಾಂಪೋಸಿಟ್ ಪೊಸಿಷನ್‌ನಲ್ಲಿ ಟಾಲರೆನ್ಸ್ ಎರಡು ಸಾಲಲ್ಲಿ ಬರೆದಿರ್ತಾರೆ, ಕೆಳಗಿನ ಸಾಲಿಗೆ ಡೇಟಮ್ ಇಲ್ಲದೇ ಬಿಟ್ಟಿದ್ರೆ ಹೋಲ್‌ಗೂ ಹೋಲ್‌ಗೂ ಇರೋ ಸಂಬಂಧ ಮಾತ್ರ ಕೇಳ್ತಾರೆ. ಅಲ್ಲಿ ಬೆಸ್ಟ್ ಫಿಟ್ಟೇ ಸರಿ.

ಲತಾ: ಒಪ್ಪಿದೆ. ಆದ್ರೆ ಇಲ್ಲಿರೋದು ಒಂದೇ ಸಾಲು, ಮೂರೂ ಡೇಟಮ್ ಕೂತಿವೆ. ಎಎಸ್‌ಎಂಇ ವೈ14.5 ತಗೋ, ಐಎಸ್‌ಒ 5459 ತಗೋ, ಯಾವ ಸ್ಟ್ಯಾಂಡರ್ಡ್ ಆದ್ರೂ, ಮೊದಲು ಯಾವುದು ಆಮೇಲೆ ಯಾವುದು ಅಂತ ಡ್ರಾಯಿಂಗ್ ಹೇಳಿದ ಮೇಲೆ ಆಪರೇಟರ್‌ಗೆ ಆಯ್ಕೆ ಇಲ್ಲ.

ಹರೀಶ: ತಾಯಿ, ಎಡಗಡೆದು 3-2-1ರಲ್ಲೇ ಮಾಡಿದ್ದು. ಪ್ಲೇನ್‌ಗೆ ಮೂರು, ಲೈನ್‌ಗೆ ಎರಡು, ಕೊನೆಗೊಂದು. ಪುಸ್ತಕದಲ್ಲಿದ್ದ ಹಾಗೇ.

ಲತಾ: ಆ ಎರಡು ಪಾಯಿಂಟ್ ಬಿ ಮೇಲೆ ಎಲ್ಲಿ ತಗೊಂಡೆ?

ಹರೀಶ: ಸಿ ಕಡೆಯ ಮೂಲೇಲಿ. ಮಧ್ಯದಲ್ಲಿ ಕ್ಲ್ಯಾಂಪ್ ಅಡ್ಡ ಬರ್ತಿತ್ತು. ಒಂದಕ್ಕೊಂದು 25 ಎಂಎಂ ದೂರ ಇರಬಹುದು.

ರಾಘು: ಸಿಕ್ಕಿಬಿದ್ದ 🍿

ಲತಾ: ಲೆಕ್ಕ ಹಾಕು. ಮಿಲ್ಲಿಂಗ್ ಆದ ಅಂಚಲ್ಲಿ 6 ಮೈಕ್ರಾನ್ (0.006 ಎಂಎಂ) ಏರುತಗ್ಗು ಇರೋದು ದೊಡ್ಡ ವಿಷಯವೇ ಅಲ್ಲ. ಆ 6 ಮೈಕ್ರಾನ್ 25 ಎಂಎಂ ಒಳಗೆ ಬಂದ್ರೆ, 300 ಎಂಎಂ ಆಚೆ ಇರೋ ನಾಲ್ಕನೇ ಹೋಲ್ ಹತ್ರ 72 ಮೈಕ್ರಾನ್ ಆಗುತ್ತೆ. ಪೊಸಿಷನ್ ವ್ಯಾಸದ ಲೆಕ್ಕ, ಅಂದ್ರೆ ದುಪ್ಪಟ್ಟು. 0.14 ನಿನ್ನ ಲೈನೇ ತಿಂದುಹಾಕುತ್ತೆ. ಎಡಗಡೆ ರಿಪೋರ್ಟ್ ನೋಡು, ಮೊದಲನೇ ಹೋಲ್ 0.17, ಕೊನೇದು 0.24. ದೂರ ಹೋದಷ್ಟೂ ಬೆಳೀತಿದೆ.

ಶಿವು: ಎರಡೇ ಪಾಯಿಂಟ್‌ಗೆ ಸ್ಟ್ರೈಟ್‌ನೆಸ್ ದೋಷ ಯಾವಾಗ್ಲೂ ಸೊನ್ನೆ, ಮೂರೇ ಪಾಯಿಂಟ್‌ಗೆ ಫ್ಲಾಟ್‌ನೆಸ್ ದೋಷ ಯಾವಾಗ್ಲೂ ಸೊನ್ನೆ. ಮುಖ ಸೊಟ್ಟಗಿದ್ರೂ ಸಾಫ್ಟ್‌ವೇರ್ ತುಟಿ ಬಿಚ್ಚಲ್ಲ. 3-2-1 ಅನ್ನೋದು ಕನಿಷ್ಠ ಲೆಕ್ಕ ಕಣೋ. ಪ್ಲೇನ್ ಎರಡು ತಿರುಗಾಟ, ಒಂದು ಸರಿದಾಟ ಕಟ್ಟುತ್ತೆ. ಲೈನ್ ಒಂದು ತಿರುಗಾಟ, ಒಂದು ಸರಿದಾಟ. ಉಳಿದ ಸರಿದಾಟಕ್ಕೆ ಪಾಯಿಂಟ್. ಪೀಸ್ ಅಲುಗೋ ಆರೂ ದಾರಿ ಮುಗೀತು. ಅಷ್ಟಕ್ಕೇ ನಿಲ್ಲಿಸು ಅಂತ ಯಾರೂ ಹೇಳಿಲ್ಲ.

ರಾಘು: ನಮ್ಮ ಕಾಸ್ಟಿಂಗ್‌ಗಳಿಗೆ ಮಾತ್ರ ಎಣಿಸಿದ ಪಾಯಿಂಟೇ. ಡೇಟಮ್ ಟಾರ್ಗೆಟ್ ಗುರುತು ಹಾಕಿರ್ತಾರೆ, ಅಲ್ಲೇ ಮುಟ್ಟಬೇಕು.

ಲತಾ: ಅದು ಒರಟು ಮುಖದ ಕಥೆ, ಬೇರೆ. ಹರೀಶ, ಕ್ಲ್ಯಾಂಪ್ ಸರಿಸು. ಎ ಮೇಲೆ ಎಂಟು ಪಾಯಿಂಟಾದ್ರೂ ಹರಡಿ ತಗೋ, ಬಿ ಮೇಲೆ ತುದಿಯಿಂದ ತುದಿಗೆ ಆರು. ಮೊದಲು ಕೈಯಲ್ಲಿ ಒರಟಾಗಿ ಅಲೈನ್ ಮಾಡು, ಆಮೇಲೆ ಅವೇ ಮುಖಗಳನ್ನ ಪ್ರೋಗ್ರಾಂನಿಂದ ಮತ್ತೆ ಮುಟ್ಟಿಸು. ಜಾಯ್‌ಸ್ಟಿಕ್‌ನಲ್ಲಿ ಓರೆಯಾಗಿ ಮುಟ್ಟಿದ್ರೆ ಪ್ರೋಬ್ ತುದಿಯ ಬಾಲ್‌ನ ತ್ರಿಜ್ಯ ತಪ್ಪು ದಿಕ್ಕಲ್ಲಿ ಕಳೆದುಹೋಗುತ್ತೆ. ಕ್ಲ್ಯಾಂಪ್ ಜಾಸ್ತಿ ಬಿಗೀಬೇಡ, ಪಟ್ಟಿ ಬಗ್ಗಿದ್ರೆ ಬಗ್ಗಿದ ಪಟ್ಟೀನೇ ಅಳೀತೀಯ.

ಹರೀಶ: ಊಟ ಮಾಡ್ಲಾ ಬೇಡ್ವಾ?

ಶಿವು: ಅಳೆದು ಮಾಡು.

(ಒಂದೂವರೆ ಗಂಟೆ ಬಿಟ್ಟು)

ಹರೀಶ: [ಫೋಟೋ: ಮೂರನೇ ರಿಪೋರ್ಟ್]
ನಾಲ್ಕೂ 0.16, 0.17ರ ಆಸುಪಾಸು. ಕೊನೇ ಹೋಲ್ 0.24ರಿಂದ ಇಳೀತು, ನಿಜ. ಆದ್ರೂ ಕೆಂಪೇ! ಇಷ್ಟೆಲ್ಲಾ ಮಾಡಿ ಏನು ಸಿಕ್ತು ಹೇಳು?

ಲತಾ: ಸಿಕ್ಕಿದ್ದು ನಿಜವಾದ ಸಂಖ್ಯೆ. ಎಕ್ಸ್ (ಉದ್ದಕ್ಕೆ), ವೈ (ಅಡ್ಡಕ್ಕೆ) ಬೇರೆ ಬೇರೆ ಹಾಕು.

ಹರೀಶ: ವೈ ಎಲ್ಲದಕ್ಕೂ 0.02 ಒಳಗೆ. ಎಕ್ಸ್ ಎಲ್ಲದಕ್ಕೂ ಪ್ಲಸ್ 0.08.

ಶಿವು: ನಾಲ್ಕೂ ಒಂದೇ ದಿಕ್ಕಿಗೆ ಒಂದೇ ಅಳತೆ! ಹೋಲ್‌ಗಳ ನಡುವೆ ತಕರಾರಿಲ್ಲ, ಇಡೀ ಸಾಲೇ ಸಿಯಿಂದ ದೂರ ಸರಿದಿದೆ. ನಿನ್ನ ಬೆಸ್ಟ್ ಫಿಟ್ ಎಕ್ಸ್‌ನಲ್ಲಿ ಎಷ್ಟು ಸರಿಸಿತ್ತು ನೋಡು.

ಹರೀಶ: 0.08 😐

ಲತಾ: ಅಲ್ಲೇ ಇತ್ತು ಉತ್ತರ. ಬೆಸ್ಟ್ ಫಿಟ್ ಹೊಡಿ, ಬೇಡ ಅನ್ನಲ್ಲ. ಅದು ಎಷ್ಟು ಸರಿಸ್ತು ಅನ್ನೋದನ್ನ ಮಷಿನಿಂಗ್‌ನವರಿಗೆ ಕೊಡು, ಮುಂದಿನ ಪೀಸ್‌ಗೆ ಆಫ್‌ಸೆಟ್ (ಮಷಿನ್‌ನ ಸೊನ್ನೆ ಜಾಗ) ತಿದ್ದಿಕೊಳ್ತಾರೆ. ಆ ಹಸಿರು ಬಣ್ಣಾನ ಕಸ್ಟಮರ್‌ಗೆ ಕಳಿಸ್ಬೇಡ. ಅವರ ಅಸೆಂಬ್ಲೀಲಿ ಪಟ್ಟಿ ಸಿ ಅಂಚಿಗೇ ಆತು ಕೂರುತ್ತೆ.

ಹರೀಶ: ಅಂದ್ರೆ ನನ್ನ ಬೆಸ್ಟ್ ಫಿಟ್ಟಿಂದಾನೇ ಕಾರಣ ಸಿಕ್ತು. ಅದನ್ನ ಯಾರೂ ಹೇಳಲ್ವಲ್ಲ.

ರಾಘು: ಸನ್ಮಾನ ಇಟ್ಕೊಳ್ಳೋಣ 💐

ಲತಾ: ತಡಿ, ಆಫ್‌ಸೆಟ್ ಈಗಲೇ ಮುಟ್ಟಿಸ್ಬೇಡ. ಸಿ ಮೇಲೆ ಎಷ್ಟು ಪಾಯಿಂಟ್?

ಹರೀಶ: ಒಂದು. 3-2-1ರ ಒಂದು.

ಲತಾ: ಆ ಒಂದು ಬರ್ (ಅಂಚಲ್ಲಿ ಎದ್ದು ನಿಂತ ಲೋಹದ ಚೂರು) ಮೇಲೆ ಕೂತಿದ್ರೆ ಇಡೀ ಸಾಲು ಹೀಗೇ ಸರಿದ ಹಾಗೆ ಕಾಣುತ್ತೆ. ಅಂಚಿಗೆ ಫೈಲ್ ಆಡಿಸಿ, ಒರೆಸಿ, ಬೇರೆ ಬೇರೆ ಕಡೆ ಮೂರು ಸಲ ಮುಟ್ಟಿ ನೋಡು.

ಹರೀಶ: ಫೈಲ್ ಹಾಕಿದೆ. ಮೂರೂ ಕಡೆ 4 ಮೈಕ್ರಾನ್ ಒಳಗೇ ಬಂತು. ಎಕ್ಸ್ ಇನ್ನೂ 0.08.

ಲತಾ: ಹಂಗಾದ್ರೆ ಹೋಲ್‌ಗಳೇ ಸರಿದಿವೆ. ಪೀಸ್‌ಗೆ ಕೆಂಪು ಟ್ಯಾಗ್ ಹಾಕು, ಮೂರನೇ ರಿಪೋರ್ಟ್ ಕಳಿಸು.

ಹರೀಶ: ಆ ಬ್ಯಾಚಲ್ಲಿ ಇನ್ನೂ ಹತ್ತು ಪೀಸ್ ಇದೆ ಕಣೇ...

ಶಿವು: ಊಟ ಮಾಡ್ಕೊಂಡು ಬಾ, ನಿಧಾನಕ್ಕೆ ಅಳಿ.