3.10ರ ಅರ್ಧ ಎಷ್ಟು? ಮಕ್ಕಳಿಗೆ ಯೋಚಿಸುವುದನ್ನು ಹೇಗೆ ಕಲಿಸಲಿ?

ಮೂಡಿಗೆರೆ ಟೀಚರ್:
ಮೂಡಿಗೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ದಶಮಾಂಶದ ಪಾಠ ಮುಗಿದಾಗ ಮಕ್ಕಳೆಲ್ಲ ಲೆಕ್ಕ ಚೆನ್ನಾಗಿಯೇ ಮಾಡಿದ್ದರು. ಹೋದ ವಾರ ಬೋರ್ಡಿನ ಮೇಲೆ ಪಹಣಿಯಲ್ಲಿ ಇರುವ ಹಾಗೆ ಜಮೀನಿನ ವಿಸ್ತೀರ್ಣ ಬರೆದೆ: 3.10. ಅಂದರೆ 3 ಎಕರೆ 10 ಗುಂಟೆ. ಅಣ್ಣ ತಮ್ಮ ಸಮಪಾಲು ಮಾಡಿಕೊಂಡರೆ ಒಬ್ಬರಿಗೆ ಎಷ್ಟು ಅಂತ ಕೇಳಿದೆ. ಹೆಚ್ಚು ಕಡಿಮೆ ಎಲ್ಲರೂ 1.55 ಅಂತ ಬರೆದರು. ಎಕರೆಗೆ 40 ಗುಂಟೆ ಅಂತ ಗೊತ್ತಿಲ್ಲದ ಮಗು ನಮ್ಮ ಕ್ಲಾಸಿನಲ್ಲಿ ಇಲ್ಲ. ಮನೆಯಲ್ಲಿ ದಿನಾ ಕೇಳುವ ಮಾತು. ಆದರೂ 55 ಗುಂಟೆ ಹೇಗೆ ಬಂತು ಅಂತ ಒಬ್ಬರಿಗೂ ಅನ್ನಿಸಲಿಲ್ಲ. ತುಂಬಾ ಬೇಜಾರಾಯಿತು. ಇನ್ನೂ ಹತ್ತು ಲೆಕ್ಕ ಮಾಡಿಸಲಾ, ಕಲಿಸುವ ರೀತಿಯನ್ನೇ ಬದಲಿಸಲಾ?

ಹಾಸನದ ನಿವೃತ್ತ ಮೇಷ್ಟ್ರು:
ಅದೇ ತರಹದ ಹತ್ತು ಲೆಕ್ಕ ಬೇಡಮ್ಮ. ಒಂದೇ ಪಾಠದ ಲೆಕ್ಕ ಸಾಲಾಗಿ ಮಾಡುವಾಗ ಯಾವ ದಾರಿ ಹಿಡಿಯಬೇಕು ಅಂತ ಮಗು ಯೋಚಿಸುವುದೇ ಇಲ್ಲ. ದಾರಿ ಪಾಠದ ಹೆಸರಿನಲ್ಲೇ ಇರುತ್ತದೆ, ಅಲ್ವಾ? ಹಳೆಯದು ಹೊಸದು ಬೆರೆಸಿ ಕೊಡಿ. ಪುಸ್ತಕ ಮುಚ್ಚಿಸಿ, ನೆನಪಿನಿಂದಲೇ ಮಾಡಿಸಿ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ, ಹೀಗೆ ನೆನಪಿಸಿಕೊಳ್ಳುವುದನ್ನು ಪರೀಕ್ಷಿಸಿ ಬರೆದಿದ್ದಾರೆ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದವರಿಗೇ ಜಾಸ್ತಿ ಉಳಿದಿತ್ತು.

ಇನ್ನೊಂದು ಮಾತು. ನೀವು 2.20 ಕೊಟ್ಟಿದ್ದರೆ ಎಲ್ಲರೂ 1.10 ಅಂತ ಬರೆಯುತ್ತಿದ್ದರು. ಉತ್ತರ ಸರಿಯೇ ಇರುತ್ತಿತ್ತು, ತಪ್ಪು ತಲೆಯೊಳಗೇ ಉಳಿಯುತ್ತಿತ್ತು. ನೀವು 3.10 ಆರಿಸಿದ್ದು ಒಳ್ಳೆಯದಾಯಿತು.

ಆಲ್ದೂರಿನ ಬೆಳೆಗಾರ:
ಮೇಡಂ, ಪಕ್ಕದಲ್ಲಿ ಮಳೆ ಲೆಕ್ಕವನ್ನೂ ಇಡಿ. ತೋಟದಲ್ಲಿ ನಾವು ಮಳೆಯನ್ನು ಇಂಚು, ಸೆಂಟ್ಸಿನಲ್ಲೇ ಬರೆದಿಡುತ್ತೇವೆ. 100 ಸೆಂಟ್ಸಿಗೆ ಒಂದು ಇಂಚು. ಎರಡು ದಿನ ಸೇರಿ 3.10 ಮಳೆಯಾದರೆ ದಿನಕ್ಕೆ ಸರಾಸರಿ 1.55. ಇಲ್ಲಿ ಅದು ಸರಿ! ಯಾಕೆ ಅಂತ ಮಕ್ಕಳೇ ಹೇಳಲಿ, ನೀವು ಬಾಯಿ ಬಿಡಬೇಡಿ.

ಮೂಡಿಗೆರೆ ಟೀಚರ್:
ಇವತ್ತು ಎರಡನ್ನೂ ಅಕ್ಕಪಕ್ಕ ಬರೆದು ಸುಮ್ನೆ ನಿಂತೆ. ಐದಾರು ನಿಮಿಷ ಗಲಾಟೆಯೋ ಗಲಾಟೆ. ಆಮೇಲೆ ಒಬ್ಬಳು ಎದ್ದು, ಒಟ್ಟು 130 ಗುಂಟೆ, ಅರ್ಧ 65, ಅಂದರೆ 1 ಎಕರೆ 25 ಗುಂಟೆ ಅಂದಳು. ಹಿಂದಿನ ಬೆಂಚಿನ ಹುಡುಗ, "ಮಿಸ್, ಬಸ್ಸಿನಲ್ಲಿ 3 ಗಂಟೆ 10 ನಿಮಿಷದ ದಾರಿ ಆದರೆ ಅರ್ಧ 1.35 ಆಗುತ್ತೆ" ಅಂದ. ಅದು ನನಗೇ ಹೊಳೆದಿರಲಿಲ್ಲ. ಮೂವರು ಮಾತ್ರ ಇನ್ನೂ 1.55 ಬಿಡುತ್ತಿಲ್ಲ. ನಾಳೆ ಅವರ ಕೈಗೆ 130 ಕಾಫಿ ಬೀಜ ಕೊಟ್ಟು ನಲವತ್ತರ ಗುಂಪು ಮಾಡಿಸುತ್ತೇನೆ.